ಹಿಡಿ ಇಲ್ಲದ ಕಪ್ಪು

ಬಿಳಿ ಕಪ್ಪು ಎಂದರೆ ನನ್ನ ಮಗಳು ನಗುತ್ತಾಳೆ:
ಬಿಳಿಯೋ ಕಪ್ಪೋ, ಯಾವುದಾದರೂ ಒಂದು ಹೇಳಜ್ಜಿ.
ಅಮ್ಮ ಅದನ್ನು ಗೂಡಿನಿಂದ ತೆಗೆದು ಸೆರಗಲ್ಲಿ ಒರೆಸುತ್ತಾಳೆ.
ಎರಡು ಗುಟುಕಿನ ಪಿಂಗಾಣಿ.
ತಳದಲ್ಲಿ ಎರಡು ನೀಲಿ ಬಳೆ,
ಒಂದರೊಳಗೊಂದು.

ಶಿಡ್ಲಘಟ್ಟದಲ್ಲಿ ಆಗ ದ್ವಿತಳಿ ಗೂಡಿನ ಕಾಲ.
ನಮ್ಮ ಹಳದಿ ಗೂಡಿನ ಎಳೆ ಮಾತೆತ್ತಿದರೆ ಕಡಿಯುತ್ತದೆಂದು
ಬಿಳಿ ಗೂಡು ಬಿಚ್ಚುವುದ ಕಲಿಸಲು
ಜಪಾನಿನಿಂದ ಬಂದವನು ನುಕಾತ.
ದಸ್ತಗಿರ್ ಸಾಬರ ಫಿಲೇಚರಿನ ಹೆಂಗಸರು
ಅವನನ್ನು ನೂಕಯ್ಯ ಅಂದರು.
ಅವನೂ ಓಗೊಟ್ಟ.

ಪ್ಯಾಂಟು ಮಡಚಿ, ಬೇಸಿನ್ನಿನ ಮುಂದೆ ಕುಕ್ಕರುಗಾಲಲ್ಲಿ ಕೂತು
ಕುದಿನೀರಲ್ಲಿ ಬೆರಳಿಟ್ಟು ಅಯ್ಯೋ ಅಂದದ್ದು
ಅವನ ಮೊದಲ ಕನ್ನಡ.
ಎರಡನೆಯದು, ಪಿಳ್ಳೇಕಮ್ಮ.
ಕಡಿದ ಎಳೆಯ ತುದಿಯನ್ನು ಕಣ್ಣು ಮುಚ್ಚಿ ಹಿಡಿಯುವವಳು
ಅಲ್ಲಿ ಅವಳೊಬ್ಬಳೇ, ನನ್ನಮ್ಮ.

ಊರಿಗೆ ಹೊರಡುವ ದಿನ
ಮರದ ಕೊಂಬೆಯಂಥ ಅಕ್ಷರದ ಪೇಪರು ಬಿಚ್ಚಿ
ಎರಡು ಕಪ್ಪು ತೆಗೆದ. ಫ್ಲಾಸ್ಕಿನ ಟೀ ಬಗ್ಗಿಸಿ
ಒಂದನ್ನು ಎರಡೂ ಕೈಯಲ್ಲಿ ಅಮ್ಮನ ಮುಂದೆ ನೀಡಿದ.

ಅಮ್ಮ ಕಪ್ಪಿನ ಸುತ್ತ ಕಣ್ಣಾಡಿಸಿದಳು. ಹಿಡಿ ಇಲ್ಲ.

ಹಿಡಿ ಇಲ್ಲದ ಕಪ್ಪು ಅವಳಿಗೆ ಗೊತ್ತು.
ಅವಳ ತವರಿನ ಹೋಟೆಲಿಗೆ ಹೊರಗೋಡೆಯಲ್ಲೊಂದು ಗೂಡಿತ್ತು,
ಗೂಡಲ್ಲಿ ಹಿಡಿ ಮುರಿದ ಪಿಂಗಾಣಿ, ಅದಕ್ಕೂ ನೀಲಿ ಹೂವು.
ಕುಡಿದು, ತೊಳೆದು, ಬೋರಲು ಹಾಕಿ ಬರಬೇಕು.
ಇಡೀ ಕೇರಿಗೆ ಅದೊಂದೇ.
ಅದರ ಅಂಚಿನ ಮುಕ್ಕು ಕೆಳತುಟಿಯ ಯಾವ ಜಾಗಕ್ಕೆ ತಾಗುತ್ತಿತ್ತೆಂದು
ಈಗಲೂ ಬೆರಳಿಟ್ಟು ತೋರಿಸುತ್ತಾಳೆ.

ಅವಳು ಕೈ ಚಾಚಲಿಲ್ಲ.
ನೂಕಯ್ಯ ಕಪ್ಪನ್ನು ಅಲ್ಲೇ ಕಟ್ಟೆಯ ಮೇಲಿಟ್ಟು ತನಗೂ ಬಗ್ಗಿಸಿಕೊಂಡ.
ಅದಕ್ಕೂ ಹಿಡಿ ಇರಲಿಲ್ಲ.
ಸೊರ್ರೆಂದು ಕುಡಿದ.
ಸಾಬರು ಬೆನ್ನು ತಿರುಗಿಸಿ, ಸರಿಯಿದ್ದ ತಕ್ಕಡಿಯನ್ನು ಸರಿಮಾಡುತ್ತಿದ್ದರು.
ಆಗ ಅಮ್ಮ ಇಡೀ ಅಂಗೈಯಲ್ಲಿ ಹಿಡಿದಳು.
ಬೇಸಿನ್ನಿನ ಕೈಗೆ ಅದೇನು ಬಿಸಿ.

ಟೀ ಮುಗಿದಾಗ ಬಳೆ ಕಂಡವು.
ಒಳಬಳೆಯಲ್ಲಿ ಒಂದು ಕಡೆ ನೀಲಿ ಕೊಂಚ ದಪ್ಪ.
ಅಮ್ಮ ಉಗುರಿಟ್ಟಳು: ಇಲ್ಲಿ ಎಳೆ ಕೂಡಿಸವ್ರೆ.
ದುಭಾಷಿ ಹುಡುಗ ಅದನ್ನು ಏನೆಂದು ಹೇಳಿದನೋ,
ನೂಕಯ್ಯ ಕನ್ನಡಕ ತೆಗೆದು ಕಪ್ಪು ನೋಡಿದ, ಅಮ್ಮನ ನೋಡಿದ.
ಕುಂಚ ಊರಿದ್ದೂ ಎತ್ತಿದ್ದೂ ಅದೇ ಜಾಗ;
ಇಷ್ಟು ವರ್ಷ ಕುಡಿದರೂ ಕಂಡಿರಲಿಲ್ಲವಂತೆ.

ಮೊನ್ನೆ ಚಿಕ್ಕಪ್ಪನ ಮಗ ಮುನಿನಂಜ,
ನರಸಾಪುರದ ಕಂಪನಿ ಕ್ಯಾಂಟೀನಿನವನು, ನೋಡಿ ಬಿದ್ದು ಬಿದ್ದು ನಕ್ಕ.
ದೊಡ್ಡಮ್ಮ, ಇದು ಟೀ ಕಪ್ಪಲ್ಲ, ಹೆಂಡದ್ದು!
ಅಕ್ಕಿ ಹೆಂಡ ಹುಯ್ದು ನೋಡ್ತಾರೆ.
ಬಳೆ ನಿಚ್ಚಳ ಕಂಡರೆ ತಿಳಿ, ಮಸುಕಾದರೆ ಕದಡು.

ನಾನು ಅಮ್ಮನ ಮುಖ ನೋಡಿದೆ. ಶನಿವಾರ ಒಪ್ಪೊತ್ತು ಮಾಡುವವಳು.
ನೋಡೋದಕ್ಕೆ ತಾನೆ, ಅಂದಳು.

ಆವತ್ತಿಂದ ಶುರು.
ಬೋರಿನ ನೀರಿಗೆ ಬಳೆ ಮಸುಕು.
ಐದು ರೂಪಾಯಿ ಹಾಕಿ ಹಿಡಿದ ಘಟಕದ ನೀರಲ್ಲಿ
ಬಳೆ ಕಾಣುತ್ತದೆ, ಅವಳಿಗೆ ನಂಬಿಕೆ ಬರುವುದಿಲ್ಲ.
ಟ್ಯಾಂಕರಿನದರಲ್ಲಿ ಒಳಬಳೆ ಇಲ್ಲವೇ ಇಲ್ಲ.
ಡ್ರೈವರು ಮಕ್ಕಳ ಮೇಲೆ ಆಣೆ ಇಡುತ್ತಾನೆ.
ಅಮ್ಮ ಅವನ ಮೂಗಿನಡಿ ಕಪ್ಪು ಹಿಡಿದು
ಹೆಂಡಕ್ಕಿರೋ ಕಾನೂನು ನೀರಿಗೆ ಬ್ಯಾಡವೇನಪ್ಪ, ಅನ್ನುತ್ತಾಳೆ.

ಬೆರಳ ತುದಿಯ ಗೆರೆಯೆಲ್ಲ ಬೇಸಿನ್ನಿನಲ್ಲೇ ಕರಗಿ
ರೇಷನ್ ಅಂಗಡಿಯ ಮಿಷನ್ನು ಅವಳನ್ನು ಅವಳೆಂದು ಒಪ್ಪುವುದಿಲ್ಲ.
ಸಂಜೆ ಅದೇ ಬೆರಳಲ್ಲಿ ಕಪ್ಪಿನ ತಳ ತಡವುತ್ತಾಳೆ.
ಗಂಟು ಕೈಗೆ ಸಿಗಲ್ಲ ಕಣೆ,
ಗಾಜಿನ ಒಳಗೆ ಕೂತೈತೆ, ಬರೀ ಕಣ್ಣಿಗೆ.
ಕಣ್ಣೂ ಈಗ

ಟ್ಯಾಂಕರಿನ ಹಾರನ್ನು.
ಬಿಂದಿಗೆ ನಾನು ಎತ್ತಿಕೊಳ್ಳುತ್ತೇನೆ,
ಕಪ್ಪು ಅವಳು.